ದಾವಣಗೆರೆಯಲ್ಲಿ ಕೈಗೆಟುಕುವ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಗಳೂರು ಕಡೆಯಿಂದ ದಾವಣಗೆರೆಗೆ ಬಂದು 14 ವರ್ಷ ಆಯಿತು. ಇಲ್ಲಿಯವರೆಗೆ ಐದು ಬಾಡಿಗೆ ಮನೆ ಕಂಡಿದ್ದೇನೆ. ಊರ ಕಡೆಯವರು ಮಕ್ಕಳ ಕಾಲೇಜಿಗೋ, ಕೆಲಸಕ್ಕೋ ಇಲ್ಲಿಗೆ ಬರುವಾಗ ಮೊದಲು ನನಗೇ ಫೋನ್ ಮಾಡುತ್ತಾರೆ. ‘ಅಕ್ಕಾ, ಕಡಿಮೆ ಬಾಡಿಗೆಗೆ ಎಲ್ಲಾದ್ರೂ ಮನೆ ಇದ್ರೆ ನೋಡು’ ಅಂತಾರೆ. ಆಮೇಲೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟೆ.

ನಮ್ಮ ಸಂಬಳಕ್ಕೆ ಎಷ್ಟು ಬಾಡಿಗೆಯ ಮನೆ ಹಿಡಿಯಬಹುದು?

ಬರುವ ದುಡ್ಡಿನಲ್ಲಿ ಕಾಲು ಭಾಗ ಬಾಡಿಗೆಗೆ ಹೋದರೆ ಸಂಸಾರ ಸುಸೂತ್ರವಾಗಿ ನಡೆಯುತ್ತದೆ. ಮೂರರಲ್ಲಿ ಒಂದು ಭಾಗ ದಾಟಿತು ಅಂದರೆ ತಿಂಗಳ ಕೊನೆಯ ವಾರ ಕೈಸಾಲ ಶುರು. 24,000 ಸಂಬಳ ಇದ್ದರೆ 6,000 ಆರಾಮ, 8,000ಕ್ಕೆ ನಿಲ್ಲಿಸಿ. ಇದು ನಾನು ಪಾಲಿಸಿಕೊಂಡು ಬಂದ ಲೆಕ್ಕ.

ಆದರೆ ಬರೀ ಬಾಡಿಗೆ ನೋಡಿ ಮನೆ ಒಪ್ಪಬೇಡಿ. ಉದಾಹರಣೆಗೆ, ಊರ ಅಂಚಿನಲ್ಲಿ 6,000ದ ಮನೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಕೆಲಸಕ್ಕೆ ದಿನಾ ಬೈಕಿನಲ್ಲಿ ಹೋಗಿ ಬರಲು ತಿಂಗಳಿಗೆ 1,800 ಪೆಟ್ರೋಲ್. ನೀರು ಸಾಲದೆ ಟ್ಯಾಂಕರ್ ಹಾಕಿಸಿದರೆ ನಿಮ್ಮ ಪಾಲಿಗೆ 700. ಒಟ್ಟು 8,500 ಆಯಿತು. ಅದೇ ಊರೊಳಗೆ 7,500ರ ಮನೆ, ನಡೆದೇ ಕೆಲಸಕ್ಕೆ ಹೋಗಬಹುದು, ನಲ್ಲಿಯಲ್ಲಿ ನೀರು ಬರುತ್ತದೆ. ಈಗ ಯಾವುದು ಅಗ್ಗ? ಪ್ರತಿ ಮನೆಗೂ ಹೀಗೆ ಒಂದು ಚೀಟಿ ಬರೆಯಿರಿ. ಬಾಡಿಗೆ, ಕರೆಂಟು, ನೀರು, ಓಡಾಟ, ಮೇಂಟೆನೆನ್ಸ್. ಚೀಟಿಯ ಕೆಳಗೆ ಬರುವ ಮೊತ್ತವೇ ನಿಮ್ಮ ನಿಜವಾದ ಬಾಡಿಗೆ.

ಯಾವ ಏರಿಯಾದಲ್ಲಿ ಕಡಿಮೆಗೆ ಸಿಗುತ್ತದೆ?

ವಿದ್ಯಾನಗರ, ಎಂ.ಸಿ.ಸಿ. ಎ ಬ್ಲಾಕ್, ಬಿ ಬ್ಲಾಕ್, ಪಿ.ಜೆ. ಬಡಾವಣೆ ಇವೆಲ್ಲ ದುಬಾರಿ. ಕಾಲೇಜು, ಆಸ್ಪತ್ರೆ, ಟ್ಯೂಷನ್ ಎಲ್ಲ ಆ ಕಡೆಯೇ ಇರುವುದರಿಂದ ಮನೆ ಖಾಲಿಯಾದ ವಾರದಲ್ಲೇ ಇನ್ನೊಬ್ಬರು ಬಂದಿರುತ್ತಾರೆ. ಓನರ್ ಬಾಡಿಗೆ ಇಳಿಸುವ ಅಗತ್ಯವೇ ಬೀಳುವುದಿಲ್ಲ.

ಸಾಮಾನ್ಯ ಸಂಬಳದವರು ನಿಟುವಳ್ಳಿ, ಕೆ.ಟಿ.ಜೆ. ನಗರ, ವಿನೋಬನಗರ, ಭಗತ್ ಸಿಂಗ್ ನಗರದ ಕಡೆ ಹುಡುಕಿ. ಇಲ್ಲಿ ಒಂದೇ ಬೀದಿಯಲ್ಲಿ ಹೊಸ ಆರ್‌ಸಿಸಿ ಮನೆಯೂ ಇರುತ್ತದೆ, ಹಳೇ ವಠಾರವೂ ಇರುತ್ತದೆ. ಒಂದು ಅಡ್ಡರಸ್ತೆಗೂ ಅದರ ಪಕ್ಕದ ಅಡ್ಡರಸ್ತೆಗೂ ಬಾಡಿಗೆಯಲ್ಲಿ ಸಾವಿರ ರೂಪಾಯಿ ವ್ಯತ್ಯಾಸ ಕಂಡಿದ್ದೇನೆ. ಮುಖ್ಯರಸ್ತೆಯಿಂದ ನಾಲ್ಕು ಹೆಜ್ಜೆ ಒಳಗೆ ಹೋಗಿ ಕೇಳಿ.

ಇನ್ನೊಂದು ದಾರಿ, ಊರು ಬೆಳೆದಂತೆ ಊರೊಳಗೇ ಸೇರಿಹೋದ ಹಳ್ಳಿಗಳು. ಆವರಗೆರೆ, ಶಾಮನೂರು, ಹಳೇ ಕುಂದುವಾಡ. ಶಾಮನೂರು ರಸ್ತೆಯ ಹೊಸ ಬಡಾವಣೆಗಳಲ್ಲಿ ಬಾಡಿಗೆ ಜಾಸ್ತಿ. ಹಳೇ ಊರೊಳಗೆ ಹೋದರೆ ಮನೆ ಸಣ್ಣದಿದ್ದರೂ ಕೈಗೆಟುಕುವ ಹಾಗೆ ಸಿಗುತ್ತದೆ. ಮನೆಯವರ ಜೊತೆ ಒಡನಾಟವೂ ಹಳ್ಳಿಯ ಹಾಗೇ ಇರುತ್ತದೆ.

ಹಳೇ ಪೇಟೆಯಲ್ಲೂ ಕಡಿಮೆ ಬಾಡಿಗೆಯ ಮನೆಗಳಿವೆ. ಸಂತೆ, ಅಂಗಡಿ ಎಲ್ಲ ಕಾಲ್ನಡಿಗೆಯಲ್ಲೇ. ಆದರೆ ಓಣಿ ಇಕ್ಕಟ್ಟು, ಬೈಕ್ ನಿಲ್ಲಿಸಲು ಜಾಗ ಇರುವುದಿಲ್ಲ. ಮಂಡಕ್ಕಿ ಭಟ್ಟಿಗಳ ಹತ್ತಿರ ಬಾಡಿಗೆ ಇನ್ನೂ ಇಳಿಯುತ್ತದೆ. ಭಟ್ಟಿಯವರು ಇಡೀ ಊರಿಗೆ ಮಂಡಕ್ಕಿ ಕೊಡುವ ಜನ, ದುಡಿಮೆಗೆ ಹೆಸರಾದವರು. ಆದರೂ ಮನೆಯಲ್ಲಿ ಉಬ್ಬಸ ಇರುವವರೋ, ಕೂಸೋ ಇದ್ದರೆ ಹೊಗೆಯ ವಿಚಾರ ಯೋಚಿಸಿ.

ಹರಿಹರ ಇಲ್ಲಿಂದ ಸುಮಾರು 14 ಕಿಲೋಮೀಟರ್. ರೈಲು, ಬಸ್ಸು ಎರಡೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ದಾವಣಗೆರೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಹರಿಹರದಲ್ಲಿ ಮನೆ ಮಾಡುವುದು ಈಗ ಲೆಕ್ಕಕ್ಕೆ ಬರುವ ಮಾತು.

ಅಪಾರ್ಟ್‌ಮೆಂಟ್ ಒಳ್ಳೆಯದೋ, ಬಿಡಿ ಮನೆಯೋ?

ನಮ್ಮ ಊರಿನಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಕೆಳಗೆ ಓನರ್, ಮೇಲೆ ಬಾಡಿಗೆಯವರು ಅನ್ನುವಂಥ ಮನೆಗಳೇ. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆ ಜೊತೆ ಮೇಂಟೆನೆನ್ಸ್ ಬೇರೆ ಕಟ್ಟಬೇಕು. ಅದನ್ನು ಯಾರು ಕಟ್ಟುತ್ತಾರೆ ಅಂತ ಮೊದಲೇ ಕೇಳಿ. ಕಡಿಮೆ ಬಜೆಟ್ಟಿಗೆ ಬಿಡಿ ಮನೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಮನೆ ಹುಡುಕಲು ಆ್ಯಪ್ ಸಾಕಾ?

ಸಾಕಾಗುವುದಿಲ್ಲ. ಆ್ಯಪಿನಲ್ಲಿ ಬರುವುದು ಬಹುಪಾಲು ದೊಡ್ಡ ಮನೆ, ಇಲ್ಲವೇ ಬ್ರೋಕರ್ ಹಾಕಿದ ಮನೆ. ಆರು ಏಳು ಸಾವಿರದ ಮನೆಯ ಓನರ್ ಗೇಟಿಗೆ ಒಂದು ರಟ್ಟು ಕಟ್ಟಿ ‘ಮನೆ ಬಾಡಿಗೆಗೆ ಇದೆ’ ಅಂತ ಬರೆದು ಸುಮ್ನಾಗುತ್ತಾರೆ. ಎಷ್ಟೋ ಮನೆಗೆ ಆ ರಟ್ಟೂ ಇರುವುದಿಲ್ಲ, ಬಾಯಿಮಾತಲ್ಲೇ ಮುಗಿದುಹೋಗುತ್ತದೆ.

ನನ್ನ ನಾಲ್ಕನೇ ಮನೆ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಚೀಲ ಸಾಲಿಗಿಟ್ಟು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಗೆ ಮನೆ ಹುಡುಕುತ್ತಿರುವ ವಿಷಯ ಹೇಳಿದೆ. ‘ನಮ್ಮ ಮಗ್ಗುಲ ಮನೆಯೋರು ಬರೋ ತಿಂಗಳು ಖಾಲಿ ಮಾಡ್ತಾರವ್ವಾ. ಬೋರ್ಡ್ ಹಾಕೋದ್ರೊಳಗೆ ಹೋಗಿ ಕೇಳು’ ಅಂದರು. ಹಿಟ್ಟು ಬೀಸಿಸಿಕೊಂಡು, ಬಿಸಿ ಡಬ್ಬಿ ಸೊಂಟದ ಮೇಲಿಟ್ಟುಕೊಂಡೇ ಅವರ ಹಿಂದೆ ಹೋದೆ. ಅವತ್ತು ಸಂಜೆಗೇ ಮಾತು ಮುಗಿಯಿತು. ಮೂರು ವರ್ಷ ಆ ಮನೆಯಲ್ಲಿದ್ದೆ.

ಹಾಗಾಗಿ ನಿಮಗೆ ಬೇಕಾದ ಎರಡು ಮೂರು ಏರಿಯಾ ಆರಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಬೀದಿ ಬೀದಿ ನಡೆಯಿರಿ. ಕಿರಾಣಿ ಅಂಗಡಿ, ಇಸ್ತ್ರಿ ಅಂಗಡಿ, ಹಾಲಿನವರು, ಗಿರಣಿಯವರು, ಇವರನ್ನು ಕೇಳಿ. ಯಾರ ಮನೆ ಯಾವಾಗ ಖಾಲಿಯಾಗುತ್ತದೆ ಅನ್ನುವುದು ಇವರಿಗೆ ಮೊದಲು ಗೊತ್ತಾಗುತ್ತದೆ. ಕೆಲಸದ ಜಾಗದಲ್ಲೂ ಹೇಳಿಡಿ. ಗಂಡ ಹೆಂಡತಿ ಇಬ್ಬರೂ ಹೋದರೆ ಇನ್ನೂ ಒಳ್ಳೆಯದು. ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸದೆ ಒಳಗೆ ಕರೆಯುತ್ತಾರೆ.

ಬ್ರೋಕರ್ ಬೇಕಾ?

ಒಂದು ವಾರ ಸ್ವಂತ ಹುಡುಕಿ. ಸಿಗದಿದ್ದರೆ ಆಮೇಲೆ ಬ್ರೋಕರ್. ಕಮಿಷನ್ ಎಷ್ಟು ಅಂತ ಮನೆ ನೋಡುವ ಮುಂಚೆಯೇ ಮಾತಾಡಿಕೊಳ್ಳಿ. ಕರಾರು ಆಗುವ ತನಕ ದುಡ್ಡು ಕೊಡಬೇಡಿ.

ಯಾವ ತಿಂಗಳಲ್ಲಿ ಹುಡುಕಿದರೆ ಲಾಭ?

ಜೂನ್‌ನಿಂದ ಆಗಸ್ಟ್‌ವರೆಗೆ ಕಾಲೇಜಿನ ಗದ್ದಲ. ಆಗ ವಿದ್ಯಾನಗರದ ಸುತ್ತಮುತ್ತ ಚೌಕಾಸಿ ನಡೆಯುವುದಿಲ್ಲ. ಆದರೆ ಅದೇ ಹೊತ್ತಿಗೆ ಆಷಾಢ ಬರುತ್ತದೆ. ಆಷಾಢದಲ್ಲಿ ಹಾಲು ಉಕ್ಕಿಸಿ ಹೊಸ ಮನೆಗೆ ಹೋಗುವವರು ಕಡಿಮೆ. ಸಂಸಾರಸ್ಥರಿಗೆ ಅಂತ ಇಟ್ಟ ಮನೆ ಆ ತಿಂಗಳು ಖಾಲಿ ಬಿದ್ದಿರುತ್ತದೆ, ಓನರಿಗೂ ಒಂದು ತಿಂಗಳ ಬಾಡಿಗೆ ಹೋಗುವ ಚಿಂತೆ. ಧನುರ್ಮಾಸದಲ್ಲೂ ಇದೇ ಕತೆ. ನಿಮಗೆ ಅದರಲ್ಲಿ ನಂಬಿಕೆ ಇಲ್ಲದಿದ್ದರೆ ಆಷಾಢದಲ್ಲೇ ಹೋಗಿಬಿಡಿ, ಬಾಡಿಗೆ ಸ್ವಲ್ಪ ಇಳಿಸಿ ಅಂತ ಕೇಳಲು ಅದೇ ಒಳ್ಳೆಯ ಹೊತ್ತು. ನಂಬಿಕೆ ಇದ್ದರೆ ಆಷಾಢದಲ್ಲಿ ಮಾತು ಮುಗಿಸಿ, ಸ್ವಲ್ಪ ಮುಂಗಡ ಕೊಟ್ಟು, ‘ಶ್ರಾವಣದಲ್ಲಿ ಬರ್ತೀವಿ, ಬಾಡಿಗೆ ಅವತ್ತಿನಿಂದ ಲೆಕ್ಕ ಹಿಡೀರಿ’ ಅಂತ ಕೇಳಿ. ನಾನು ಒಮ್ಮೆ ಕೇಳಿದಾಗ ಒಪ್ಪಿದರು.

ಮನೆ ನೋಡಲು ಹೋದಾಗ ಏನೇನು ನೋಡಬೇಕು?

ಮೊದಲು ನೀರು. ಎರಡನೆಯದೂ ನೀರು.

ನಮ್ಮ ಊರಿಗೆ ನೀರು ಬರುವುದು ಎರಡು ಕಡೆಯಿಂದ. ಭದ್ರಾ ನಾಲೆಯ ನೀರು ಕುಂದುವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ತುಂಬುತ್ತದೆ. ಇನ್ನೊಂದು ಹರಿಹರದ ಹತ್ತಿರದ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರು. ನಾಲೆ ನಿಂತು ಬೇಸಿಗೆ ಜೋರಾದಾಗ ನೀರು ಬಿಡುವ ಅಂತರ ಹೆಚ್ಚುತ್ತದೆ. ಅದಕ್ಕೆ ಓನರ್ ಹತ್ತಿರ ‘ನೀರು ಬರುತ್ತಾ’ ಅಂತ ಕೇಳಬೇಡಿ. ಬರುತ್ತೆ ಅಂತಲೇ ಹೇಳುತ್ತಾರೆ. ‘ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಎಷ್ಟು ಹೊತ್ತು ಬಿಡ್ತಾರೆ’ ಅಂತ ಕೇಳಿ. ಸಂಪು ಇದೆಯಾ, ಬೋರ್ ಇದೆಯಾ, ಮೇಲಿನ ಟ್ಯಾಂಕ್ ಎಷ್ಟು ಮನೆಗೆ ಸೇರಿದ್ದು ಕೇಳಿ. ಮೋಟರ್ ಸ್ವಿಚ್ ಯಾರ ಮನೆಯೊಳಗಿದೆ ಅನ್ನುವುದನ್ನು ತಪ್ಪದೆ ನೋಡಿ. ಅದು ಓನರ್ ಅಡುಗೆಮನೆಯಲ್ಲಿದ್ದು ಅವರು ಊರಿಗೆ ಹೋದರೆ ನೀವು ಬಿಂದಿಗೆ ಹಿಡಿದು ಬೀದಿಗೆ ಹೋಗಬೇಕಾಗುತ್ತದೆ.

ಎರಡನೆಯ ಮನೆಯಲ್ಲಿ ನಾನು ಏಮಾರಿದ್ದು ಗೋಡೆ ನೋಡದೆ. ಬೇಸಿಗೆಯಲ್ಲಿ ಹೋಗಿದ್ದೆವು, ಹೊಸದಾಗಿ ಬಣ್ಣ ಬಳಿದಿದ್ದರು, ಚೆನ್ನಾಗೇ ಕಂಡಿತು. ಮಲಗುವ ಕೋಣೆಯಲ್ಲಿ ಒಂದು ದೊಡ್ಡ ಹಳೇ ಕ್ಯಾಲೆಂಡರ್ ತೂಗುಹಾಕಿತ್ತು. ಹಳೆಯ ಬಾಡಿಗೆಯವರು ಬಿಟ್ಟುಹೋಗಿರಬೇಕು ಅಂದುಕೊಂಡೆ. ಜುಲೈನಲ್ಲಿ ಮಳೆ ಹಿಡಿದ ಮೇಲೆ ಅದನ್ನು ಎತ್ತಿ ನೋಡಿದರೆ ಅಂಗೈ ಅಗಲದ ಕಪ್ಪು ಮಚ್ಚೆ. ಬೆರಳಿಟ್ಟರೆ ಗಾರೆ ಒದ್ದೆ ಹಿಟ್ಟಿನ ಹಾಗೆ ಉದುರಿತು. ಪಕ್ಕದ ಬಚ್ಚಲಿನ ಪೈಪ್ ಗೋಡೆಯೊಳಗೇ ಸೋರುತ್ತಿತ್ತು. ಮಗಳಿಗೆ ಆ ಮಳೆಗಾಲವೆಲ್ಲ ಕೆಮ್ಮು. ಈಗ ಎಲ್ಲಿ ಹೋದರೂ ತೂಗುಹಾಕಿದ್ದನ್ನೆಲ್ಲ ಎತ್ತಿ ನೋಡುತ್ತೇನೆ. ನಲ್ಲಿ ಎಲ್ಲ ತಿರುಗಿಸುತ್ತೇನೆ. ಬಚ್ಚಲಿನಲ್ಲಿ ಒಂದು ತಂಬಿಗೆ ನೀರು ಸುರಿದು ಎಷ್ಟು ಬೇಗ ಹೋಗುತ್ತದೆ ಅಂತ ನಿಂತು ನೋಡುತ್ತೇನೆ. ಓನರಿಗೆ ಬೇಜಾರಾದರೂ ಪರವಾಗಿಲ್ಲ.

ಬಿಸಿಲಿನ ವಿಚಾರವೂ ಇದೆ. ದಾವಣಗೆರೆ ಬಿಸಿಲಿನ ಊರು. ಮೇಲಿನ ಮಹಡಿಯ ಮನೆ, ಶೀಟಿನ ಮನೆ ಬೆಳಿಗ್ಗೆ ತಂಪಾಗಿರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಇನ್ನೊಮ್ಮೆ ಹೋಗಿ ಒಳಗೆ ಹತ್ತು ನಿಮಿಷ ನಿಲ್ಲಿ. ಹಾಗೇ ರಾತ್ರಿ ಎಂಟಕ್ಕೆ ಒಮ್ಮೆ ಬೀದಿ ನೋಡಿ. ದೀಪ ಇದೆಯಾ, ಹೆಣ್ಣುಮಕ್ಕಳು ಓಡಾಡುತ್ತಾರಾ ಅಂತ ಆಗಲೇ ಗೊತ್ತಾಗುವುದು.

ಕೊನೆಗೆ, ಓನರ್ ಇಲ್ಲದಾಗ ಪಕ್ಕದ ಮನೆಯವರನ್ನು ಮಾತಾಡಿಸಿ. ಹಿಂದಿನವರು ಯಾಕೆ ಬಿಟ್ಟರು ಅಂತ ಕೇಳಿ. ಅವರು ಹೇಳುವ ಎರಡು ಮಾತಿನಲ್ಲಿ ಎಲ್ಲ ತಿಳಿಯುತ್ತದೆ.

ಅಡ್ವಾನ್ಸ್ ಎಷ್ಟು ಕೊಡಬೇಕು?

ಇಷ್ಟೇ ಅಂತ ಒಂದು ನಿಯಮ ಇಲ್ಲ, ಮಾತಿನ ಮೇಲೆ ಹೋಗುತ್ತದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಇದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ನಡೆಯುತ್ತದೆ. ಹಾಗಂತ ಮಾತಾಡುವಾಗ ಅದನ್ನು ಹೇಳಬಾರದು ಅಂತೇನಿಲ್ಲ. ಅಡ್ವಾನ್ಸ್ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕಳಿಸಿ. ಕೈಯಲ್ಲಿ ಕೊಟ್ಟರೆ ಸಹಿ ಮಾಡಿದ ರಸೀದಿ ಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ.

ಭೋಗ್ಯಕ್ಕೆ ಹಾಕಿಕೊಂಡರೆ ತಿಂಗಳ ಬಾಡಿಗೆಯೇ ಇರುವುದಿಲ್ಲ, ಅದು ಒಳ್ಳೆಯದಲ್ವಾ?

ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು ಕೇಳಲು ಚೆನ್ನಾಗಿದೆ. ಕೈಯಲ್ಲಿ ದುಡ್ಡಿದ್ದು, ಓನರ್ ಕಾಗದಪತ್ರ ಸರಿಯಿದ್ದರೆ ಒಳ್ಳೆಯದೇ. ಆದರೆ ಬಡ್ಡಿಗೆ ಸಾಲ ತಂದು ಭೋಗ್ಯ ಹಾಕಬೇಡಿ. ಬಡ್ಡಿಯೇ ಬಾಡಿಗೆಗಿಂತ ಜಾಸ್ತಿಯಾಗುತ್ತದೆ.

ದೊಡ್ಡ ಅಪಾಯ ಇನ್ನೊಂದಿದೆ. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ ಬ್ಯಾಂಕು ಮನೆ ವಶಕ್ಕೆ ಪಡೆದು ಹರಾಜು ಹಾಕಬಹುದು. ಆಗ ನಿಮ್ಮ ಲಕ್ಷಗಳಿಗೆ ನೀವೇ ಅಲೆಯಬೇಕು. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲೂ ಸಿಗುತ್ತದೆ. ನೋಂದಣಿಯಾದ ಅಡಮಾನ ಅದರಲ್ಲಿ ಕಾಣುತ್ತದೆ. ಕರಾರು ಮಾಡುವವರೇ ಮನೆಯ ಮಾಲೀಕರಾ ಅಂತ ಕಂದಾಯ ರಸೀದಿಯಲ್ಲಿ ಹೆಸರು ನೋಡಿ. ಒಂದು ವರ್ಷ ಮೀರಿದ ಭೋಗ್ಯವನ್ನು ನೋಂದಣಿ ಮಾಡಿಸಲೇಬೇಕು. ಬಿಳಿ ಹಾಳೆಯ ಮೇಲೆ ನಂಬಿಕೆ ಇಟ್ಟು ಇಡೀ ಜೀವನದ ಉಳಿತಾಯ ಕೊಡಬೇಡಿ, ದಯವಿಟ್ಟು.

ಕರಾರು ಪತ್ರ ಯಾಕೆ ಯಾವಾಗಲೂ 11 ತಿಂಗಳಿಗೆ?

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ 11 ತಿಂಗಳಿಗೆ ಬರೆಸುತ್ತಾರೆ. ತಪ್ಪೇನಿಲ್ಲ. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿ, ಒಂದು ಪ್ರತಿ ನೀವಿಟ್ಟುಕೊಳ್ಳಿ.

ಟೈಪ್ ಮಾಡುವ ಅಂಗಡಿಯವರು ಎಲ್ಲರಿಗೂ ಒಂದೇ ಮಾದರಿ ತೆಗೆದುಕೊಡುತ್ತಾರೆ. ಸಹಿಗೆ ಮುಂಚೆ ಕೂತು ಓದಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಎಷ್ಟು ತಿಂಗಳು ಮುಂಚೆ ಹೇಳಬೇಕು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಇವು ನಾಲ್ಕೂ ಅಂಕಿಯಲ್ಲಿ ಇರಲಿ. ‘ಮಾತಾಡಿಕೊಂಡಂತೆ’ ಅಂತ ಬರೆದಿದ್ದರೆ ತಿದ್ದಿಸಿ.

ಬಾಡಿಗೆ ಮನೆಯವರಿಗೆ ಗೃಹಜ್ಯೋತಿ ಸಿಗುತ್ತದಾ?

ಸಿಗುತ್ತದೆ. ಮನೆಯ ಆರ್.ಆರ್. ನಂಬರಿಗೆ, ಅಂದರೆ ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರಿಗೆ, ನಿಮ್ಮ ಆಧಾರ್ ಜೋಡಿಸಬೇಕು. ಹಳೆಯ ಬಾಡಿಗೆಯವರ ಆಧಾರ್ ಇನ್ನೂ ಅದಕ್ಕೇ ಇದ್ದರೆ ಮೊದಲು ಅದನ್ನು ಬಿಡಿಸಬೇಕು. ನೀವು ಮನೆ ಬಿಡುವಾಗಲೂ ನಿಮ್ಮದನ್ನು ಬಿಡಿಸಿಕೊಂಡೇ ಹೋಗಿ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ ಅನ್ನುವುದು ನೆನಪಿರಲಿ.

ತೊಂದರೆ ಇರುವುದು ಸಬ್ ಮೀಟರ್ ಮನೆಗಳಲ್ಲಿ. ಇಡೀ ಕಟ್ಟಡಕ್ಕೆ ಒಂದೇ ಬೆಸ್ಕಾಂ ಮೀಟರ್ ಇದ್ದರೆ ಯೋಜನೆಯೂ ಒಂದಕ್ಕೇ. ನಿಮ್ಮ ಹತ್ತಿರ ಓನರ್ ಯೂನಿಟ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಆದ್ದರಿಂದ ಮನೆಗೆ ಬೇರೆ ಆರ್.ಆರ್. ನಂಬರ್ ಇದೆಯಾ ಅಂತ ಕೇಳಿ. ಇದ್ದರೆ ಬಾಡಿಗೆ 300 ರೂಪಾಯಿ ಜಾಸ್ತಿಯಾದರೂ ಲಾಭ ನಿಮಗೇ.

‘ನಿಮ್ಮದು ಯಾವ ಜನ’ ಅಂತ ಕೇಳುತ್ತಾರೆ. ಏನು ಮಾಡುವುದು?

ಕೇಳುತ್ತಾರೆ. ಹೌದು. ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡಿನಲ್ಲೇ ಬರೆದಿರುತ್ತಾರೆ. ಮೂರು ಮನೆಯ ಬಾಗಿಲಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ವಾಪಸ್ ಬಂದಿದ್ದೇನೆ. ಆ ಹೊತ್ತಿನ ನೋವು ಗೊತ್ತು. ಬಾಡಿಗೆ ಕಟ್ಟುವ ಕೈಯ ಜಾತಿ ಕೇಳುವುದು ತಪ್ಪು, ಅದನ್ನು ನೇರವಾಗಿಯೇ ಹೇಳುತ್ತೇನೆ.

ಆದರೂ ಸುಳ್ಳು ಹೇಳಿ ಮನೆ ಸೇರಬೇಡಿ. ದಿನಾ ಅಡುಗೆಯ ವಾಸನೆಗೆ ಹೆದರುತ್ತಾ ಬದುಕುವುದು ಬದುಕಲ್ಲ. ಓನರ್ ಬೇರೆ ಕಡೆ ಇರುವ ಮನೆ, ಐದಾರು ಬಾಡಿಗೆ ಮನೆ ಸೇರಿಸಿ ಕಟ್ಟಿಸಿದ ಕಟ್ಟಡ, ಇಂಥ ಕಡೆ ಈ ಕಿರಿಕಿರಿ ಕಡಿಮೆ. ಒಂಟಿ ಹೆಣ್ಣುಮಕ್ಕಳಿಗೂ ಇದೇ ಮಾತು. ಕೆಲಸದ ಜಾಗದಲ್ಲಿ ಹಿರಿಯರೊಬ್ಬರು ‘ನಮ್ಮ ಪೈಕಿ ಹುಡುಗಿ’ ಅಂತ ಒಂದು ಫೋನ್ ಮಾಡಿದರೆ ಎಷ್ಟೋ ಬಾಗಿಲು ತೆರೆಯುತ್ತವೆ. ಮನೆ ಮಾಡಿಕೊಂಡವರು ಹೊಸಬರಿಗೆ ಹೀಗೆ ಒಂದು ಫೋನ್ ಮಾಡಿ.

ಮಗ ಕಾಲೇಜಿಗೆ ಬರುತ್ತಿದ್ದಾನೆ. ರೂಮ್ ಮಾಡಿಸಬೇಕಾ, ಪಿಜಿನಾ?

ಮೊದಲು ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಎರಡೂ ಮೆಟ್ರಿಕ್ ನಂತರದ ಹಾಸ್ಟೆಲ್ ನಡೆಸುತ್ತವೆ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ವಿದ್ಯಾಸಿರಿ ನೆರವಿದೆ. ಅರ್ಜಿಯ ಕೊನೇ ದಿನ ಬಿಟ್ಟುಬಿಟ್ಟು ಆಮೇಲೆ ಸಾಲ ಮಾಡಿ ರೂಮ್ ಬಾಡಿಗೆ ಕಟ್ಟುವವರನ್ನು ಪ್ರತಿ ವರ್ಷ ನೋಡುತ್ತೇನೆ.

ರೂಮೇ ಆಗಬೇಕು ಅಂದರೆ ಮೂವರು ಸೇರಿ ಒಂದು ಮನೆ ಹಿಡಿಯುವುದು ಪಿಜಿಗಿಂತ ಅಗ್ಗ, ಅಡುಗೆ ಮಾಡಿಕೊಳ್ಳುವ ಹುಡುಗರಾದರೆ. ಕರಾರಿನಲ್ಲಿ ಮೂವರ ಹೆಸರೂ ಇರಲಿ. ತೋಳಹುಣಸೆಯ ವಿಶ್ವವಿದ್ಯಾನಿಲಯಕ್ಕೆ ಹೋಗುವವರು ಊರ ನಡುವೆ ಮನೆ ಹುಡುಕುವ ಮುಂಚೆ ದಿನದ ಓಡಾಟದ ಲೆಕ್ಕ ಹಾಕಿ.

ಆನ್‌ಲೈನಿನಲ್ಲಿ ಫೋಟೊ ನೋಡಿ ಅಡ್ವಾನ್ಸ್ ಕಳಿಸಬಹುದಾ?

ಬೇಡವೇ ಬೇಡ. ‘ನಾನು ಮಿಲಿಟರಿಯಲ್ಲಿದ್ದೇನೆ, ವರ್ಗ ಆಗಿದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಅನ್ನುವ ಕರೆಗಳು ಹೆಚ್ಚಿನವು ಮೋಸ. ಬೀಗ ತೆಗೆದು ಒಳಗೆ ನಿಂತು ನೋಡದ ಮನೆಗೆ ಒಂದು ರೂಪಾಯಿಯೂ ಬೇಡ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗುರುತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಪ್ರತಿ ಕೊಡಿ.

ಓನರ್ ದಿಢೀರ್ ಅಂತ ಖಾಲಿ ಮಾಡಿ ಅಂದರೆ?

ಕರಾರಿನಲ್ಲಿ ಬರೆದ ನೋಟಿಸ್ ಅವಧಿ ಕೊಡಲೇಬೇಕು. ಬರಹದಲ್ಲಿ ಏನೂ ಇಲ್ಲದೆ ತಿಂಗಳ ಲೆಕ್ಕದಲ್ಲಿ ಇದ್ದರೂ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಬೇಕು. ನೀವು ಒಪ್ಪದಿದ್ದರೆ ಅವರು ಕೋರ್ಟಿಗೆ ಹೋಗಬೇಕೇ ಹೊರತು ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಜಗಳ ಬೆಳೆಯುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100.

ಬಿಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತದಾ?

ಮೊದಲ ದಿನ ನೀವು ಏನು ಮಾಡಿದಿರಿ ಅನ್ನುವುದರ ಮೇಲಿದೆ. ಮೂರನೇ ಮನೆ ಬಿಡುವಾಗ ಓನರ್ ಒಡೆದ ವಾಷ್ ಬೇಸಿನ್, ಅಡುಗೆಮನೆ ಕಟ್ಟೆಯ ಬಿರುಕು, ಎರಡು ಫ್ಯಾನ್ ಅಂತ ಹೇಳಿ ಸುಮಾರು ದುಡ್ಡು ಹಿಡಿದರು. ಬಿರುಕು ನಾವು ಬರುವಾಗಲೇ ಇತ್ತು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ನಮ್ಮ ಯಜಮಾನರು ಆಟೋದಲ್ಲಿ ಸಾಮಾನು ಇಟ್ಟುಕೊಂಡು ಕಾಯುತ್ತಿದ್ದರು, ವಾದ ಮಾಡುವ ಶಕ್ತಿಯೂ ಇರಲಿಲ್ಲ.

ಅದಾದ ಮೇಲೆ ಕೀ ಕೈಗೆ ಬಂದ ಗಳಿಗೆಯಲ್ಲೇ, ಹಾಲು ಉಕ್ಕಿಸುವ ಮುಂಚೆ, ಮನೆ ಪೂರ್ತಿ ವಿಡಿಯೊ ಮಾಡುತ್ತೇನೆ. ಗೋಡೆ, ನೆಲ, ನಲ್ಲಿ, ಸ್ವಿಚ್ಚು, ಕಿಟಕಿ ಗಾಜು, ಮೀಟರ್ ರೀಡಿಂಗ್. ಅವತ್ತೇ ಓನರ್ ವಾಟ್ಸಾಪಿಗೆ ಕಳಿಸಿ, ‘ಮನೆ ಹೀಗಿದೆ, ನೋಡಿ ಸರ್’ ಅಂತ ಒಂದು ಸಾಲು ಬರೆಯುತ್ತೇನೆ. ನಾಲ್ಕನೇ ಮನೆ ಬಿಡುವಾಗ ಓನರ್ ಬಂದು ಬಚ್ಚಲಿನ ಟೈಲ್ಸ್ ಒಡೆದಿದೆ ಅಂದರು. ಫೋನ್ ತೆಗೆದು ಮೂರು ವರ್ಷದ ಹಿಂದಿನ ವಿಡಿಯೊ ತೋರಿಸಿದೆ. ಅದೇ ಟೈಲ್ಸ್, ಅದೇ ಒಡಕು. ಸ್ವಲ್ಪ ಹೊತ್ತು ನೋಡಿದರು. ಸುಣ್ಣಬಣ್ಣಕ್ಕೆ ಕರಾರಿನಲ್ಲಿ ಬರೆದಷ್ಟು ಹಿಡಿದು, ಉಳಿದಿದ್ದನ್ನು ಅಲ್ಲೇ ನಿಂತು ಕಳಿಸಿದರು.